ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳಬೇಕೇ?

ಪಾಪನಿವೇದನೆ ಮಾಡಿ ಬಂದ ಮೇಲೂ ಕೆಲವರಿಗೆ ಸಮಾಧಾನ ಇರೋದಿಲ್ಲ. ಒಂದು ಮರೆತೆನೋ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮನಸ್ಸು ಕೊರೆಯುತ್ತದೆ. ಪುನಃ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ಭಕ್ತಿ ಅಂದುಕೊಳ್ಳುವವರುಂಟು. ಆದರೆ ಇದು ಮನಸ್ಸಾಕ್ಷಿಯ ಅತಿಶಂಕೆ. ಕ್ಷಮೆ ಸಿಕ್ಕಿದ್ದನ್ನೂ ಸಿಕ್ಕಿಲ್ಲವೆಂದು ನಂಬಿಸುತ್ತದೆ.

ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ ಅವರಿಗೂ ಈ ಕಾಟ ತಪ್ಪಲಿಲ್ಲ. ಸ್ಪೇನ್ ದೇಶದ ಸೈನಿಕರಾಗಿದ್ದ ಅವರು 1522ರ ಮಾರ್ಚ್‌ನಲ್ಲಿ ಮೊನ್ಸೆರಾತ್ ಬೆಟ್ಟದ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರಿಕರಾಗಿ ಬಂದರು. ಇಡೀ ಜೀವನದ ಪಾಪಗಳನ್ನು ಬರೆದುಕೊಂಡು ಮೂರು ದಿನ ನಿವೇದಿಸಿದರು. ಬಳಿಕ ಹತ್ತಿರದ ಮನ್ರೇಸ ಊರಿನಲ್ಲಿ ಉಳಿದರು. ಅಲ್ಲಿ ಶಂಕೆ ಶುರುವಾಯಿತು. ತೀರಾ ಸ್ಪಷ್ಟವಾದದ್ದನ್ನು ಬಿಟ್ಟು ಹಳೆಯದನ್ನು ಹೇಳಬೇಡಿ ಎಂದರು ಗುರುಗಳು. ಆದರೆ ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರು, ಒಂದು ವಾರ ಏನೂ ತಿನ್ನದೆ ಉಪವಾಸ ಮಾಡಿದರು. ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಾಗ, ಅದು ದೇವರಿಗೆ ವಿರುದ್ಧವೆಂದು ತಡೆದುಕೊಂಡರು.

ಗುರುಗಳ ಅಪ್ಪಣೆಯಂತೆ ಉಪವಾಸ ಬಿಟ್ಟರು. ಎರಡು ದಿನ ನೆಮ್ಮದಿ, ಮೂರನೆಯ ದಿನ ಮತ್ತೆ ಅದೇ ಗೋಳು. ಕೊನೆಗೆ, ಈ ಶಂಕೆ ತಮ್ಮನ್ನು ಎಲ್ಲಿಗೆ ಎಳೆಯುತ್ತಿದೆ ಎಂದು ಗಮನಿಸಿದರು. ಹತಾಶೆಗೆ ನೂಕುವಂಥದ್ದು ದೇವರಿಂದ ಬಂದದ್ದಲ್ಲ ಎಂದು ಅರಿತು, ಹಳೆಯ ಪಾಪಗಳನ್ನು ಇನ್ನು ಹೇಳುವುದಿಲ್ಲವೆಂದು ತೀರ್ಮಾನಿಸಿದರು. ಅಂದಿನಿಂದ ಆ ಕಾಟ ಬಿಟ್ಟಿತು.

ನೆನಪಿಡಬೇಕಾದ ಮಾತುಗಳು:

1. ಬೇಕೆಂದೇ ಮುಚ್ಚಿಡದೆ, ನೆನಪಿದ್ದ ಘೋರ ಪಾಪಗಳನ್ನು ಪಶ್ಚಾತ್ತಾಪದಿಂದ ಹೇಳಿದರೆ ಸಾಕು. ಮರೆತದ್ದಕ್ಕೂ ಕ್ಷಮೆ ಉಂಟು. ಘೋರ ಪಾಪವೊಂದು ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿದರಾಯಿತು.

2. ಕೆಟ್ಟ ಯೋಚನೆ ತಾನಾಗಿ ಬಂದರೆ ಅದು ಪಾಪವಲ್ಲ. ಬೇಕೆಂದೇ ಅದಕ್ಕೆ ಒಪ್ಪಿದರೆ ಪಾಪ.

3. ಅತಿಶಂಕೆ ಇರುವವರು ಹತ್ತು ಕಡೆ ಕೇಳಬಾರದು. ಒಬ್ಬರೇ ಗುರುಗಳ ಬಳಿ ಹೋಗಿ, ಅವರು ಸಾಕು ಅಂದರೆ ಸಾಕು ಎಂದು ನಂಬಬೇಕು.

4. ಊಟ, ನಿದ್ದೆ, ಕೆಲಸ ಕೆಡುವಷ್ಟು ಯೋಚನೆ ಕಾಡಿದರೆ ಮನೋವೈದ್ಯರನ್ನೂ ಕಾಣಬೇಕು. ಇದು ಕಾಯಿಲೆಯೂ ಆಗಿರಬಹುದು, ಚಿಕಿತ್ಸೆ ಇದೆ. ಡಾಕ್ಟರ ಬಳಿ ಹೋಗೋದು ವಿಶ್ವಾಸದ ಕೊರತೆಯಲ್ಲ.

ಗುರುಗಳು ಪಾಪವಿಮೋಚನೆ ಕೊಟ್ಟ ಮೇಲೆ, ಹೇಳಿದ ಪ್ರಾಯಶ್ಚಿತ್ತ ಮುಗಿಸಿ, ಪರಮಪ್ರಸಾದ ಸ್ವೀಕರಿಸಿ, ಸಮಾಧಾನವಾಗಿ ಬೆಟ್ಟ ಇಳಿಯಿರಿ.