ಪಾಠ 5: ಮೈಮೇಲಿನ ಬಟ್ಟೆ ಯಾವ ನಾರಿನದು?

ಹೆಲ್ಮೆಟ್, ಶೂ, ಸೇಫ್ಟಿ ಬೆಲ್ಟ್ ಬಗ್ಗೆ ಸೈಟಿನಲ್ಲಿ ದಿನಾ ಹೇಳ್ತಾರೆ. ಕವರಾಲ್ ಒಳಗೆ ಹಾಕಿಕೊಂಡ ಬನಿಯನ್, ಟ್ರ್ಯಾಕ್ ಪ್ಯಾಂಟ್ ಬಗ್ಗೆ ಕೇಳೋರು ಕಡಿಮೆ. ಬಿಸಿಲಲ್ಲಿ ಮೈ ಎಷ್ಟು ಬೇಯುತ್ತೆ, ಕಿಡಿ ಬಿದ್ದರೆ ಗಾಯ ಎಷ್ಟು ಆಳಕ್ಕೆ ಹೋಗುತ್ತೆ ಅನ್ನೋದಕ್ಕೆ ಬಟ್ಟೆಯ ನಾರು ದೊಡ್ಡ ಕಾರಣ. ಗಲ್ಫ್ ದೇಶಗಳಲ್ಲಿ ಕಟ್ಟಡ, ವೆಲ್ಡಿಂಗ್, ಅಡುಗೆಮನೆ ಕೆಲಸ ಮಾಡುವ ನಮ್ಮವರೆಲ್ಲರೂ ಇದನ್ನು ತಿಳಿದಿರಬೇಕು.

1. ನಾರು ಎಂದರೇನು?

ಹಳೇ ಬಟ್ಟೆಯ ಒಂದು ದಾರ ಎಳೆದು ತೆಗೆಯಿರಿ. ಅದರ ಹುರಿ ಬಿಚ್ಚಿದರೆ ಕೂದಲಿಗಿಂತ ತೆಳುವಾದ ಎಳೆಗಳು ಕಾಣುತ್ತವೆ. ಅವೇ ನಾರು. ನಾರನ್ನು ಹುರಿ ಮಾಡಿದರೆ ನೂಲು, ನೂಲನ್ನು ನೇಯ್ದರೆ ಬಟ್ಟೆ.

2. ನೈಸರ್ಗಿಕ ನಾರುಗಳು

ಗಿಡದಿಂದ ಬರುವವು: ಹತ್ತಿ, ಗೋಣಿಚೀಲದ ಸೆಣಬು, ಅಗಸೆ ಗಿಡದ ಕಾಂಡದಿಂದ ಸಿಗುವ ಲಿನನ್. ಇವೆಲ್ಲದರ ಮುಖ್ಯ ವಸ್ತು ಸೆಲ್ಯುಲೋಸ್. ಕಾಗದವೂ ಅದೇ ವಸ್ತುವಿನದು.

ಪ್ರಾಣಿಗಳಿಂದ ಬರುವವು: ಕುರಿಯ ಉಣ್ಣೆ ಮತ್ತು ರೇಷ್ಮೆ. ಇವು ನಮ್ಮ ಕೂದಲಿನ ಹಾಗೆ ಪ್ರೋಟೀನ್. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತೋದಿಲ್ಲ, ಹತ್ತಿದರೂ ಬೇಗ ಆರುತ್ತೆ. ಊರಲ್ಲಿ ಬೆಂಕಿ ಹೊತ್ತಿಕೊಂಡರೆ ಕುರಿ ಕಂಬಳಿ ಹೊದಿಸೋದು ಇದಕ್ಕೇ.

3. ಮನುಷ್ಯ ಮಾಡಿದ ನಾರುಗಳು

ಇದರಲ್ಲಿ ಎರಡು ಬಗೆ. ಮೊದಲನೆಯದು ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ಮಾಡುವುದು. ರೇಯಾನ್ ಅಥವಾ ವಿಸ್ಕೋಸ್ ಈ ಬಗೆಯದು. ಹರಿಹರದ ಪಕ್ಕದ ಕುಮಾರಪಟ್ಟಣಂ ಕಾರ್ಖಾನೆಯಲ್ಲಿ ತಯಾರಾಗುವ ತಿರುಳು ಇದಕ್ಕೇ ಹೋಗುತ್ತೆ. ಮರದಿಂದ ಬಂದದ್ದರಿಂದ ಇದು ಬಹುಮಟ್ಟಿಗೆ ಹತ್ತಿಯ ಹಾಗೇ ಉರಿಯುತ್ತೆ.

ಎರಡನೆಯದು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ಮಾಡುವ ಸಿಂಥೆಟಿಕ್. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರದರ್ಸ್ ತಂಡ ನೈಲಾನ್ ತಯಾರಿಸಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನಾರನ್ನು ಕಂಡುಹಿಡಿದರು. ನಮ್ಮ ಅಪ್ಪಂದಿರ ಕಾಲದ ಟೆರಿಲಿನ್ ಶರ್ಟ್ ಇದೇ ಪಾಲಿಯೆಸ್ಟರ್. ಅಕ್ರಿಲಿಕ್, ಸ್ಪ್ಯಾಂಡೆಕ್ಸ್ ಕೂಡ ಸಿಂಥೆಟಿಕ್. ಊರಿಗೆ ಹೋಗುವಾಗ ಒಯ್ಯುವ ಮೆತ್ತನೆಯ ದಪ್ಪ ಬ್ಲಾಂಕೆಟ್ ಹೆಚ್ಚಾಗಿ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಅದು ಕುರಿ ಕಂಬಳಿಯಲ್ಲ. ಒಲೆ, ದೀಪ, ಹೀಟರ್ ಹತ್ತಿರ ಇಡಬೇಡಿ ಎಂದು ಮನೆಯವರಿಗೂ ಹೇಳಿ.

4. ಬಿಸಿಲಿನಲ್ಲಿ

ಬೆವರು ಆರಿದಾಗಲೇ ಮೈ ತಂಪಾಗೋದು. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಗಾಳಿಯಿಂದಲೇ 7–8 ಗ್ರಾಂ ತೇವ ಹೀರಿಕೊಳ್ಳುತ್ತೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರೋದಿಲ್ಲ. ಹಾಗಾಗಿ ದಪ್ಪ ಪಾಲಿಯೆಸ್ಟರ್ ಒಳಗೆ ಬೆವರು ನಿಂತು ಮೈಗೆ ಅಂಟುತ್ತೆ, ಬೆವರುಸಾಲೆ ಏಳುತ್ತೆ. ಹತ್ತಿಗೂ ಒಂದು ಕೊರತೆ ಇದೆ: ಪೂರ್ತಿ ನೆನೆದರೆ ಬೇಗ ಒಣಗೋದಿಲ್ಲ. ಸಮುದ್ರದ ಕಡೆಯ ತೇವದ ಹವೆಯಲ್ಲಿ ಇನ್ನೊಂದು ಬನಿಯನ್ ಜೊತೆಗಿರಲಿ. ತೆಳ್ಳನೆಯ ಸ್ಪೋರ್ಟ್ಸ್ ಪಾಲಿಯೆಸ್ಟರ್ ಬೇಗ ಒಣಗುತ್ತೆ. ಬೆಂಕಿ ಹತ್ತಿರವಿಲ್ಲದ ಕೆಲಸಕ್ಕೆ ಅದು ಆಗಬಹುದು. ಆದರೆ ಯಾವ ಬಟ್ಟೆಯೂ ನೀರು, ನೆರಳು, ವಿರಾಮಕ್ಕೆ ಬದಲಿ ಅಲ್ಲ.

5. ಬೆಂಕಿಯ ಹತ್ತಿರ

ಪಾಠದ ಮುಖ್ಯ ಮಾತು ಇದು. ಹತ್ತಿ ಉರಿಯುತ್ತೆ, ಆದರೆ ಕರಗೋದಿಲ್ಲ. ಪಾಲಿಯೆಸ್ಟರ್ ಸುಮಾರು 250–260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತೆ. ನೈಲಾನ್ ಕೂಡ ಕರಗುತ್ತೆ. ಕಿಡಿಯ ಶಾಖ ಇದಕ್ಕಿಂತ ಬಹಳ ಹೆಚ್ಚು. ಕರಗಿದ ನಾರು ಬಿಸಿ ಮೇಣದ ಹಾಗೆ ಚರ್ಮಕ್ಕೆ ಅಂಟಿ, ಅಲ್ಲೇ ಸುಡುತ್ತಾ ಆಳಕ್ಕೆ ಹೋಗುತ್ತೆ.

- ವೆಲ್ಡಿಂಗ್, ಕಟಿಂಗ್, ಗ್ರೈಂಡಿಂಗ್, ಒಲೆಯ ಕೆಲಸಕ್ಕೆ ಒಳಉಡುಪು ಸೇರಿ ಸಿಂಥೆಟಿಕ್ ಬೇಡ.
- "65 ಪಾಲಿಯೆಸ್ಟರ್, 35 ಕಾಟನ್" ಮಿಶ್ರಣವೂ ಬೇಡ. ಅದರ ಹತ್ತಿ ಉರಿಯುತ್ತೆ, ಪಾಲಿಯೆಸ್ಟರ್ ಕರಗುತ್ತೆ.
- ಬರೀ ಹತ್ತಿ ಹಾಕಿದರೆ ಸಾಕು ಎಂದೂ ತಿಳಿಯಬೇಡಿ. ವೆಲ್ಡರುಗಳಿಗೆ ಬೆಂಕಿ ತಡೆಯುವ ಉಡುಪು ಬೇಕು. ಅದರ ಲೇಬಲ್ ಮೇಲೆ ಐಎಸ್‌ಒ 11611 ಎಂಬ ಸಂಖ್ಯೆ ನೋಡಿ. ಶಾಖ ಮತ್ತು ಜ್ವಾಲೆಯ ಇತರ ಕೆಲಸಕ್ಕೆ 11612.
- ಸಿಂಥೆಟಿಕ್ ಬಟ್ಟೆ ಉಜ್ಜಿದಾಗ ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತೆ. ಪೆಟ್ರೋಲ್, ಗ್ಯಾಸ್, ಥಿನ್ನರ್ ಇರುವ ಕಡೆ ಅದರ ಸಣ್ಣ ಕಿಡಿಯೂ ಅಪಾಯ.

ಕೆಲಸಕ್ಕೆ ತಕ್ಕ ರಕ್ಷಣಾ ಸಾಧನ ಒದಗಿಸುವುದು ಮಾಲೀಕರ ಹೊಣೆ. ಯುಎಇಯ 2021ರ ಕಾರ್ಮಿಕ ಕಾನೂನು ಕೂಡ ಇದನ್ನೇ ಹೇಳುತ್ತೆ. ಕೊಟ್ಟ ಕವರಾಲ್ ಕೆಲಸಕ್ಕೆ ತಕ್ಕದ್ದಲ್ಲ ಅನ್ನಿಸಿದರೆ ಫೋರ್‌ಮನ್ ಅಥವಾ ಸೇಫ್ಟಿ ಆಫೀಸರ್‌ಗೆ ಲೇಬಲ್ ತೋರಿಸಿ ಕೇಳಿ. ಒಬ್ಬರೇ ಹೋಗೋದಕ್ಕಿಂತ ನಾಲ್ಕು ಜನ ಸೇರಿ ಹೋಗೋದು ಒಳ್ಳೇದು.

6. ಗುರುತಿಸುವುದು ಹೇಗೆ?

ಮೊದಲು ಕತ್ತಿನ ಹಿಂದೆ ಅಥವಾ ಬದಿಯ ಹೊಲಿಗೆಯಲ್ಲಿರುವ ಲೇಬಲ್ ನೋಡಿ. ಅರಬ್ಬಿಯಲ್ಲಿ ಹತ್ತಿಗೆ "ಕುತ್ನ್" ಅಂತಾರೆ. ಇಂಗ್ಲಿಷಿನ "ಕಾಟನ್" ಹುಟ್ಟಿದ್ದೇ ಅದರಿಂದ. ಅಂಗಡಿಯಲ್ಲಿ "ಕುತ್ನ್" ಎಂದು ಕೇಳಿದರೆ ತಿಳಿಯುತ್ತೆ.

ಲೇಬಲ್ ಇಲ್ಲದಿದ್ದರೆ ಎರಡು ಮೂರು ದಾರ ಸುಟ್ಟು ನೋಡಬಹುದು. ಕ್ಯಾಂಪಿನ ರೂಮಿನಲ್ಲಿ, ಸೈಟಿನಲ್ಲಿ, ಗ್ಯಾಸ್ ಹತ್ತಿರ ಬೇಡ. ಬೆಂಕಿ ಹಚ್ಚಲು ಅನುಮತಿ ಇರುವ ಬಯಲಲ್ಲಿ, ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಿ.

- ಹತ್ತಿ, ರೇಯಾನ್: ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ.
- ಉಣ್ಣೆ, ರೇಷ್ಮೆ: ಕೂದಲು ಸುಟ್ಟ ವಾಸನೆ, ಒತ್ತಿದರೆ ಪುಡಿಯಾಗುವ ಕರಿ ಉಂಡೆ.
- ಪಾಲಿಯೆಸ್ಟರ್, ನೈಲಾನ್: ಮುದುಡಿ ಕರಗುತ್ತೆ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತೆ.

ದಾರದ ಮಣಿಯನ್ನು ಚೆನ್ನಾಗಿ ಆರಿದ ಮೇಲಷ್ಟೇ ಮುಟ್ಟಿ.

7. ಒಗೆಯುವಾಗ

ಬೆಂಕಿ ತಡೆಯುವ ಉಡುಪಿಗೆ ಬ್ಲೀಚ್ ಮತ್ತು ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಬ್ಲೀಚ್ ಅದರ ರಕ್ಷಣೆಯನ್ನು ಹಾಳು ಮಾಡುತ್ತೆ, ಸಾಫ್ಟನರ್ ಉರಿಯುವ ಪದರ ಬಿಡುತ್ತೆ. ಗ್ರೀಸ್, ಡೀಸೆಲ್ ಕಲೆ ಉಳಿದ ಉಡುಪೂ ಹೊತ್ತಿಕೊಳ್ಳುತ್ತೆ. ಕಲೆ ಹೋಗದಿದ್ದರೆ ಬದಲಿ ಕೇಳಿ.

8. ಬಟ್ಟೆಗೆ ಬೆಂಕಿ ಹತ್ತಿದರೆ

ಓಡಬೇಡಿ. ನಿಲ್ಲಿ, ಮಲಗಿ, ಮುಖ ಮುಚ್ಚಿಕೊಂಡು ಉರುಳಿ. ಬೆಂಕಿ ಆರಿದ ಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಐಸ್ ಬೇಡ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ, ಅದರ ಜೊತೆ ಚರ್ಮವೂ ಬರುತ್ತೆ. ಟೂತ್‌ಪೇಸ್ಟ್, ಅರಿಶಿನ, ಎಣ್ಣೆ ಹಚ್ಚಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ.

ರೂಮಿನಲ್ಲಿ ಕೂತು ಚರ್ಚಿಸಿ

1. ನಾಳೆ ಕೆಲಸಕ್ಕೆ ಹಾಕುವ ಬನಿಯನ್, ಪ್ಯಾಂಟ್, ಕವರಾಲ್ ಲೇಬಲ್‌ನಲ್ಲಿ ಏನಿದೆ?
2. ನಿಮ್ಮ ರೂಮಿನಲ್ಲಿ ಕಿಡಿಯ ಹತ್ತಿರ ಕೆಲಸ ಮಾಡೋರು ಯಾರು? ಅವರ ಒಳಉಡುಪು ಯಾವ ನಾರಿನದು?
3. ಲೇಬಲ್ ಓದಲು ಬಾರದ ಗೆಳೆಯರಿಗೆ ಈ ವಾರ ಯಾರು ಓದಿ ಹೇಳ್ತೀರಿ?