ಸುಂಟಿಕೊಪ್ಪದಿಂದ ಹತ್ತು ಕಿಲೋಮೀಟರ್ ಓಟಕ್ಕೆ: ಹವ್ಯಾಸಿ ಓಟಗಾರರ ಸಿದ್ಧತೆಯ ಕ್ರಮ

ಮಡಿಕೇರಿ ಮತ್ತು ಕುಶಾಲನಗರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 275ರ ಮೇಲಿರುವ ಸುಂಟಿಕೊಪ್ಪದಲ್ಲಿದ್ದುಕೊಂಡು ದೂರದ ಓಟದ ಸ್ಪರ್ಧೆಗೆ ಸಿದ್ಧರಾಗುವವರಿಗೆ, ನಗರದ ಓಟಗಾರರನ್ನು ಮನಸ್ಸಿನಲ್ಲಿಟ್ಟು ಬರೆದ ಸೂಚನೆಗಳು ಪೂರ್ತಿಯಾಗಿ ಹೊಂದುವುದಿಲ್ಲ. ಸಮತಟ್ಟಾದ ಉದ್ಯಾನ, ಬೀದಿದೀಪ, ವರ್ಷವಿಡೀ ಒಣಗಿರುವ ರಸ್ತೆ ಇವುಗಳನ್ನು ಆ ಸೂಚನೆಗಳು ಇದ್ದೇ ಇರುತ್ತವೆಂದು ಭಾವಿಸುತ್ತವೆ. ಇಲ್ಲಿ ಇರುವುದು ಏರಿಳಿತ, ತಿರುವು, ಮಂಜು, ನಾಲ್ಕು ತಿಂಗಳ ಮಳೆ ಮತ್ತು ಕಾಫಿ ತೋಟಗಳಲ್ಲಿ ಓಡಾಡುವ ಕಾಡಾನೆ. ಆದ್ದರಿಂದ ಅಭ್ಯಾಸದ ಕಾಲ, ದಾರಿ ಮತ್ತು ವೇಗ ಈ ಮೂರನ್ನೂ ಊರಿನ ಸ್ವಭಾವವನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.

ಕೊಡಗಿನ ಅಥ್ಲೆಟಿಕ್ಸ್‌ನ ಕೀರ್ತಿ ಬಹುಮಟ್ಟಿಗೆ ಕಡಿಮೆ ದೂರದ ಓಟಗಳಿಂದ ಬಂದದ್ದು: ಅಶ್ವಿನಿ ನಾಚಪ್ಪ ಅವರ ಹೆಸರು 200 ಮತ್ತು 400 ಮೀಟರ್ ಓಟಗಳೊಂದಿಗೆ ಬೆಸೆದುಕೊಂಡಿದೆ, ಎಂ.ಆರ್. ಪೂವಮ್ಮ 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಶಾಲೆಯ ಕ್ರೀಡಾದಿನದಿಂದ ಮನಸ್ಸಿನಲ್ಲಿ ಉಳಿದುಬಂದ ಓಟದ ಚಿತ್ರವೂ ಇಂಥದ್ದೇ, ಅಂದರೆ ಸೀಟಿ ಊದಿದೊಡನೆ ಪೂರ್ಣ ಬಲದಿಂದ ನುಗ್ಗುವುದು. ದೂರದ ಓಟದಲ್ಲಿ ಈ ಅಭ್ಯಾಸವನ್ನೇ ಮೊದಲು ಬಿಡಬೇಕು. ಆರಂಭದ ಎರಡು ಕಿಲೋಮೀಟರಿನಲ್ಲಿ ಗಳಿಸಿದ ಅರ್ಧ ನಿಮಿಷವನ್ನು ಕೊನೆಯ ಎರಡು ಕಿಲೋಮೀಟರಿನಲ್ಲಿ ಹಲವು ಪಟ್ಟು ತೆರಬೇಕಾಗುವುದರಿಂದ, ನಿಧಾನವಾಗಿ ಓಡುವುದನ್ನು ಒಂದು ಕೌಶಲವೆಂದು ತಿಳಿದು ಕಲಿಯುವುದೇ ಇಡೀ ಸಿದ್ಧತೆಯ ತಿರುಳು.

ಸ್ಪರ್ಧೆಯ ಆಯ್ಕೆ

ಮ್ಯಾರಥಾನ್‌ನ ದೂರ 42.195 ಕಿ.ಮೀ.; 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ಅಳತೆ 1921ರಲ್ಲಿ ಅಧಿಕೃತವಾಯಿತು. ಅದರ ಅರ್ಧ, ಅಂದರೆ 21.0975 ಕಿ.ಮೀ., ಹಾಫ್ ಮ್ಯಾರಥಾನ್ ಎನಿಸಿಕೊಳ್ಳುತ್ತದೆ. ಹೊಸಬರು ಈ ಎರಡನ್ನೂ ಸದ್ಯಕ್ಕೆ ಬದಿಗಿಟ್ಟು 10 ಕಿ.ಮೀ. ಸ್ಪರ್ಧೆಯನ್ನೇ ಆರಿಸಿಕೊಳ್ಳುವುದು ಸರಿ. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ, ಅಂದರೆ ಸ್ನಾಯು ಮತ್ತು ಯಕೃತ್ತುಗಳಲ್ಲಿ ಕೂಡಿಟ್ಟ ಸಕ್ಕರೆಯಾಗಿ ಇರುವ ಇಂಧನವು ಸುಮಾರು ಒಂದೂವರೆ ಗಂಟೆಯ ಓಟಕ್ಕೆ ಸಾಕಾಗುವುದರಿಂದ, ಓಡುತ್ತಲೇ ತಿನ್ನುವ ಕಷ್ಟವನ್ನು ಮೊದಲ ಸ್ಪರ್ಧೆಯಲ್ಲಿಯೇ ಕಲಿಯಬೇಕಾಗಿ ಬರುವುದಿಲ್ಲ.

ದೂರದಷ್ಟೇ ತಿಂಗಳೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕ್ರಮಬದ್ಧವಾದ ಅಭ್ಯಾಸ ಕಷ್ಟವಾದ್ದರಿಂದ, ಮಳೆಗಾಲ ಮುಗಿಯುತ್ತಿದ್ದಂತೆಯೇ ಬರುವ ಸ್ಪರ್ಧೆಗಳು, ಉದಾಹರಣೆಗೆ ಶ್ರೀರಂಗಪಟ್ಟಣದ ರಂಗನತಿಟ್ಟು ಪರಿಸರದ ಕಾಲುವೆಯ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್, ದಾರಿಯ ಚೆಲುವು ಎಷ್ಟೇ ಇದ್ದರೂ ಸುಂಟಿಕೊಪ್ಪದ ಹೊಸಬರಿಗೆ ಮೊದಲ ಸ್ಪರ್ಧೆಯಾಗಿ ಒಪ್ಪುವುದಿಲ್ಲ. 2008ರಲ್ಲಿ ಆರಂಭವಾದ, ಮೊದಲು ಮೇ ತಿಂಗಳಲ್ಲಿ ನಡೆಯುತ್ತಿದ್ದು ಈಚೆಗೆ ಏಪ್ರಿಲ್‌ಗೆ ಬಂದಿರುವ ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಇಂಥವರಿಗೆ ಹೆಚ್ಚು ಅನುಕೂಲ, ಏಕೆಂದರೆ ಅಕ್ಟೋಬರ್‌ನಲ್ಲಿ ಮಳೆ ಇಳಿದ ಮೇಲೆ ಅಭ್ಯಾಸ ಆರಂಭಿಸಿದರೂ ಆರು ತಿಂಗಳು ಕೈಯಲ್ಲಿರುತ್ತವೆ. ಕಾಫಿ ತೋಟದ ನಡುವಿನ ಓಟವೆಂಬ ಆಕರ್ಷಣೆಯಿಂದ ಚಿಕ್ಕಮಗಳೂರು ಭಾಗದ ಮಲ್ನಾಡ್ ಅಲ್ಟ್ರಾದ ಕಡೆಗೆ ಮನಸ್ಸು ಹರಿಯುವುದು ಸಹಜ. ಆದರೆ ಅಲ್ಟ್ರಾ ಎಂದರೆ ಮ್ಯಾರಥಾನ್‌ಗಿಂತಲೂ ಹೆಚ್ಚಿನ ದೂರ, ಅದು ಹಲವು ವರ್ಷಗಳ ನಂತರದ ಮಾತು.

ಹೆಸರು ನೋಂದಾಯಿಸುವ ಮೊದಲು, ನಲವತ್ತು ದಾಟಿದವರು ಮತ್ತು ಕುಟುಂಬದಲ್ಲಿ ಹೃದ್ರೋಗ, ತಮ್ಮಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳುವುದನ್ನು ತಪ್ಪಿಸಬಾರದು.

ದಾರಿ ಮತ್ತು ಹೊತ್ತು

ಬೆಳಗಿನ ಐದು ಗಂಟೆಗೆ ಓಡಬೇಕೆಂಬ ನಗರದ ಪಾಠವನ್ನು ಇಲ್ಲಿ ಪಾಲಿಸಬಾರದು. ತೋಟ ಮತ್ತು ಕಾಡಿನ ನಡುವೆ ಆನೆಗಳ ಸಂಚಾರ ಹೆಚ್ಚಾಗಿರುವುದು ರಾತ್ರಿ, ನಸುಕು ಮತ್ತು ಮುಸ್ಸಂಜೆಯಲ್ಲಿ. ಕುಶಾಲನಗರದ ದಿಕ್ಕಿನ ಆನೆಕಾಡಿನ ಬಳಿಯಷ್ಟೇ ಅಲ್ಲ, ಹಲಸು ಹಣ್ಣಾಗುವ ಕಾಲದಲ್ಲಿ ಮನೆಗಳಿಗೆ ಹೊಂದಿಕೊಂಡ ತೋಟಗಳಲ್ಲಿಯೂ ಅವು ಇರುತ್ತವೆ. ಆದ್ದರಿಂದ ಪೂರ್ತಿ ಬೆಳಕು ಹರಿದು ಮಂಜು ತೆಳುವಾದ ಮೇಲೆ, ಆ ದಿನ ಆನೆ ಎಲ್ಲಿದೆಯೆಂಬುದನ್ನು ತೋಟದ ಕೆಲಸಗಾರರಿಂದಲೋ ಅರಣ್ಯ ಇಲಾಖೆಯ ಸಿಬ್ಬಂದಿಯಿಂದಲೋ ತಿಳಿದುಕೊಂಡು, ಸಾಧ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಂಡು, ಕಿವಿಗೆ ಇಯರ್‌ಫೋನ್ ಹಾಕದೆ ಹೊರಡಬೇಕು. ಬಸ್ಸು, ಲಾರಿ ಮತ್ತು ಪ್ರವಾಸಿಗರ ಕಾರುಗಳಿಂದ ತುಂಬಿದ ಹೆದ್ದಾರಿಗಿಂತ ಶಾಲಾ ಮೈದಾನ, ಮಾಲೀಕರ ಒಪ್ಪಿಗೆಯಿರುವ ತೋಟದ ರಸ್ತೆ, ವಾಹನ ಕಡಿಮೆಯಿರುವ ಒಳದಾರಿಗಳು ಮೇಲು. ಡಾಂಬರು ರಸ್ತೆಯಲ್ಲಿ ಓಡಲೇಬೇಕಾದಾಗ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ, ಎದ್ದುಕಾಣುವ ಬಣ್ಣದ ಅಂಗಿ ತೊಟ್ಟು ಓಡಬೇಕು.

ಮಳೆಯಲ್ಲಿ ನೆನೆದ ಶೂಗಳನ್ನು ಒಲೆಯ ಬಳಿ ಒಣಗಿಸಿದರೆ ಅಂಟು ಬಿಟ್ಟು ಅಡಿಭಾಗ ಗಟ್ಟಿಯಾಗುತ್ತದೆ; ಒಳಗೆ ಹಳೆಯ ಪತ್ರಿಕೆ ತುಂಬಿ ಗಾಳಿಯಲ್ಲಿಡುವುದು ಸಾಕು.

ಆರು ತಿಂಗಳ ಅಭ್ಯಾಸ

ಮೊದಲ ಎಂಟು ವಾರಗಳಲ್ಲಿ ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನದಂತೆ, ನಡಿಗೆ ಮತ್ತು ಓಟವನ್ನು ಬೆರೆಸಬೇಕು: ಆರಂಭದಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದು, ಕ್ರಮೇಣ ಓಟವನ್ನು ಹಿಗ್ಗಿಸಿ ನಡಿಗೆಯನ್ನು ಕುಗ್ಗಿಸುವುದು, ಕೊನೆಗೆ ನಿಲ್ಲದೆ ಮೂವತ್ತು ನಿಮಿಷ ಓಡುವುದು. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಂಡರೂ ಮೂಳೆ ಮತ್ತು ಸ್ನಾಯುರಜ್ಜುಗಳಿಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಗಟ್ಟಿ ತಂತುಗಳಿಗೆ, ತಿಂಗಳುಗಳೇ ಬೇಕಾಗುವುದರಿಂದ, ಉಸಿರು ಸಾಲುತ್ತಿದೆಯೆಂಬ ಹುಮ್ಮಸ್ಸಿನಲ್ಲಿ ದೂರವನ್ನು ಒಮ್ಮೆಲೇ ಏರಿಸಿದವರಿಗೆ ಮೊಣಗಂಟು ಮತ್ತು ಮುಂಗಾಲಿನ ನೋವು ಬರುತ್ತದೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾರದ ಒಂದು ಓಟ ಉಳಿದವುಗಳಿಗಿಂತ ಉದ್ದವಾಗಿರಲಿ. ಅದು ನಿಧಾನವಾಗಿ ಬೆಳೆದು ಮಾರ್ಚ್ ಕೊನೆಗೆ 8 ಅಥವಾ 9 ಕಿ.ಮೀ. ತಲುಪಿದರೆ ಸಾಕು. ಇದೇ ತಿಂಗಳುಗಳಲ್ಲಿ ಕಾಫಿ ಕೊಯ್ಲು ನಡೆಯುತ್ತದೆ. ಹಗಲಿಡೀ ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ದು ಮೂಟೆ ಹೊತ್ತ ದೇಹ ಆಗಲೇ ಶ್ರಮಪಟ್ಟಿರುವುದರಿಂದ, ತೋಟದಲ್ಲಿ ದುಡಿಯುವವರು ಆ ಶ್ರಮವನ್ನೂ ಅಭ್ಯಾಸದ ಲೆಕ್ಕಕ್ಕೆ ಸೇರಿಸಿಕೊಂಡು, ಕೊಯ್ಲಿನ ವಾರಗಳಲ್ಲಿ ಎರಡೇ ಓಟಗಳಿಗೆ ತೃಪ್ತರಾಗುವುದು ವಿವೇಕ.

ವೇಗದ ವಿಷಯದಲ್ಲಿ ಈ ಊರು ಗಡಿಯಾರವನ್ನು ನಂಬಲು ಬಿಡುವುದಿಲ್ಲ. ಕುಶಾಲನಗರದಿಂದ ಮಡಿಕೇರಿಗೆ ನೆಲ ಸುಮಾರು 300 ಮೀಟರ್ ಮೇಲೇರುತ್ತದೆ. ಆ ದಾರಿಯ ಏರಿನಲ್ಲಿ ಕಿಲೋಮೀಟರಿಗೆ ಎಂಟು ನಿಮಿಷ ತೆಗೆದುಕೊಂಡವರು ಸಮತಟ್ಟಿನಲ್ಲಿ ಅದೇ ಶ್ರಮದಿಂದ ಏಳು ನಿಮಿಷಕ್ಕೂ ಮುಗಿಸಬಹುದು. ಆದ್ದರಿಂದ ಮಾತಿನ ಪರೀಕ್ಷೆಯೆಂಬ ಸರಳ ಅಳತೆ ಇಲ್ಲಿ ಹೆಚ್ಚು ನಂಬಲರ್ಹ: ಓಡುತ್ತ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಸಾಧ್ಯವಾದರೆ ವೇಗ ಸರಿಯಾಗಿದೆ, ಎರಡು ಪದಕ್ಕೆ ಉಸಿರು ಮುರಿದರೆ ಹೆಚ್ಚಾಗಿದೆ. ಏರಿನಲ್ಲಿ ಹೆಜ್ಜೆಯನ್ನು ಚಿಕ್ಕದಾಗಿಸಬೇಕು, ಬೇಕೆನಿಸಿದರೆ ನಡೆಯಬೇಕು.

ಇಳಿಜಾರು ಸುಲಭವೆಂದು ತೋರಿದರೂ ಅದಕ್ಕೆ ಹೆಚ್ಚಿನ ಎಚ್ಚರ ಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಅವುಗಳ ಎಳೆಗಳಲ್ಲಿ ಸೂಕ್ಷ್ಮವಾದ ಹಾನಿಯಾಗಿ, ನೋವು ಒಂದೆರಡು ದಿನಗಳ ನಂತರ ಉಲ್ಬಣಿಸುತ್ತದೆ. ಆದರೆ ಅದೇ ಸ್ನಾಯುಗಳು ಒಮ್ಮೆ ಇಂಥ ಶ್ರಮವನ್ನು ಕಂಡ ಮೇಲೆ ಮುಂದಿನ ಕೆಲವು ವಾರಗಳವರೆಗೆ ಅಷ್ಟು ನೋಯುವುದಿಲ್ಲ. ಹೀಗಾಗಿ ವಾರಕ್ಕೊಮ್ಮೆ ಕಿರಿದಾದ ಇಳಿಜಾರಿನಲ್ಲಿ, ಬ್ರೇಕ್ ಹಾಕಿದಂತೆ ಹಿಮ್ಮಡಿ ಊರದೆ, ಚಿಕ್ಕ ಹೆಜ್ಜೆಗಳಲ್ಲಿ ಇಳಿದು ಅಭ್ಯಾಸ ಮಾಡಿದವರಿಗೆ ನಗರದ ಮೇಲ್ಸೇತುವೆಯ ಏರಿಳಿತ ಲೆಕ್ಕಕ್ಕೇ ಬರುವುದಿಲ್ಲ.

ಏಪ್ರಿಲ್‌ನ ಬೆಂಗಳೂರು ಇಲ್ಲಿನ ಬೆಳಗಿಗಿಂತ ಬೆಚ್ಚಗಿರುತ್ತದೆ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನಗಳು ಬೇಕಾಗುವುದರಿಂದ, ಸ್ಪರ್ಧೆಗೆ ಮುಂಚಿನ ಎರಡು ವಾರಗಳಲ್ಲಿ ಕೆಲವು ಹಗುರವಾದ ಓಟಗಳನ್ನು ಬೆಳಗ್ಗೆ ಒಂಬತ್ತರ ನಂತರ ಮಾಡುವುದು ಪ್ರಯೋಜನಕಾರಿ. ಕೊನೆಯ ವಾರದಲ್ಲಿ ಓಟದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ದೇಹಕ್ಕೆ ಬಿಡುವು ಕೊಡಬೇಕು; ಇದಕ್ಕೆ ಓಟಗಾರರಲ್ಲಿ ಟೇಪರ್ ಎಂಬ ಹೆಸರಿದೆ.

ಸ್ಪರ್ಧೆಯ ಹಿಂದಿನ ದಿನ ಮತ್ತು ಆ ದಿನ

ದೊಡ್ಡ ಸ್ಪರ್ಧೆಗಳಲ್ಲಿ ಬಿಬ್ ಅನ್ನು, ಅಂದರೆ ಎದೆಗೆ ಚುಚ್ಚಿಕೊಳ್ಳುವ ಸಂಖ್ಯೆಯ ಚೀಟಿಯನ್ನು, ಸಾಮಾನ್ಯವಾಗಿ ಮುಂಚಿನ ದಿನಗಳಲ್ಲಿಯೇ ಗುರುತಿನ ಚೀಟಿ ತೋರಿಸಿ ಪಡೆಯಬೇಕು. ಕೊಡಗಿಗೆ ರೈಲು ಇಲ್ಲದಿರುವುದರಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ನೇರವಾಗಿ ಓಟಕ್ಕೆ ಇಳಿಯುವ ಯೋಚನೆಯನ್ನು ಕೈಬಿಟ್ಟು, ಹಿಂದಿನ ದಿನ ಬೆಳಗ್ಗೆಯೇ ಹೊರಟು ಓಟದ ಸ್ಥಳದ ಸಮೀಪ ತಂಗಬೇಕು. ಆ ರಾತ್ರಿ ಪಂದಿ ಕರಿಯಂಥ ಕೊಬ್ಬಿನ ಊಟ ಬೇಡ. ಕಡಂಬುಟ್ಟು, ಅನ್ನ, ಅಕ್ಕಿ ರೊಟ್ಟಿಯಂತಹ ಪರಿಚಿತ ಆಹಾರ ಸಾಕು. ಬೆಳಗ್ಗೆ ಓಟಕ್ಕೆ ಎರಡು ಗಂಟೆ ಮೊದಲು ಬಾಳೆಹಣ್ಣಿನಂಥ ಹಗುರವಾದ ತಿನಿಸು ತೆಗೆದುಕೊಳ್ಳಬಹುದು. ಹೊಸ ಶೂ, ಹೊಸ ಅಂಗಿ, ಹೊಸ ತಿಂಡಿ ಯಾವುದನ್ನೂ ಆ ದಿನ ಪ್ರಯೋಗಿಸಬಾರದು.

ಬಿಬ್‌ಗೆ ಅಂಟಿಸಿದ ಚಿಪ್, ಓಟಗಾರರು ಆರಂಭದ ಗೆರೆಯನ್ನು ದಾಟಿದ ಕ್ಷಣದಿಂದ ಮುಕ್ತಾಯದ ಗೆರೆಯವರೆಗಿನ ಕಾಲವನ್ನು ದಾಖಲಿಸುವುದರಿಂದ, ಗುಂಪಿನ ಹಿಂದೆ ನಿಂತವರಿಗೆ ಅದರಿಂದ ನಷ್ಟವೇನೂ ಇಲ್ಲ. ಜನರನ್ನು ಸರಿಸಿಕೊಂಡು ಮುಂದೆ ನುಗ್ಗದೆ, ಮೊದಲ ಎರಡು ಕಿಲೋಮೀಟರನ್ನು ಅಂದುಕೊಂಡ ವೇಗಕ್ಕಿಂತ ಹತ್ತು ಹದಿನೈದು ಸೆಕೆಂಡು ನಿಧಾನವಾಗಿ ಓಡಿ, ಎಂಟನೆಯ ಕಿಲೋಮೀಟರಿನ ನಂತರ ಉಳಿದ ಬಲವನ್ನು ಬಳಸಬೇಕು. ನೀರನ್ನು ಬಾಯಾರಿಕೆಯಷ್ಟೇ ಕುಡಿಯಬೇಕು. ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಉಂಟಾಗುವ ಅಪಾಯವಿದೆ. ಎದೆನೋವು ಬಂದರೆ, ತಲೆ ಸುತ್ತಿದರೆ ಅಥವಾ ಬಿಸಿಲಿನಲ್ಲಿ ಮೈ ಜುಮ್ಮೆಂದು ಚಳಿಯಾದರೆ ಅಲ್ಲಿಯೇ ನಿಂತು ವೈದ್ಯಕೀಯ ಸಿಬ್ಬಂದಿಯ ನೆರವು ಪಡೆಯಬೇಕು.

ಗೆರೆ ದಾಟಿದೊಡನೆ ಕೂತುಬಿಟ್ಟರೆ ಕಾಲುಗಳಲ್ಲಿ ರಕ್ತ ನಿಂತು ತಲೆ ತಿರುಗಬಹುದಾದ್ದರಿಂದ ಹತ್ತು ನಿಮಿಷ ನಡೆಯಬೇಕು. ಊರಿಗೆ ಮರಳುವ ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಬೇಕು. ಒಂದು ವಾರದ ವಿಶ್ರಾಂತಿಯ ನಂತರ ಮೇ ತಿಂಗಳಲ್ಲಿ ಹಗುರವಾದ ಓಟಗಳನ್ನು ಮುಂದುವರಿಸಿ, ಮಳೆಗಾಲದಲ್ಲಿ ವಾರಕ್ಕೆ ಎರಡು ಚಿಕ್ಕ ಓಟ ಮತ್ತು ಮನೆಯೊಳಗೆ ಬಸ್ಕಿ, ಮೆಟ್ಟಿಲು ಹತ್ತುವಿಕೆಯಂಥ ವ್ಯಾಯಾಮಗಳನ್ನು ಉಳಿಸಿಕೊಂಡವರು, ಅಕ್ಟೋಬರ್‌ನಲ್ಲಿ ಹಾಫ್ ಮ್ಯಾರಥಾನ್‌ನ ಅಭ್ಯಾಸವನ್ನು ಮೊದಲಿನಿಂದಲ್ಲ, 6 ಕಿ.ಮೀ.ಗಳ ಉದ್ದದ ಓಟದಿಂದಲೇ ಆರಂಭಿಸಬಹುದು.