ಮನೆಯೇ ಅಂಗಡಿಯಾದಾಗ: ಕಲೆಯನ್ನು ಕಸುಬಾಗಿಸಿಕೊಂಡವರಿಗೆ ಒಂದು ದಿನಚರಿ

ಮೆಹಂದಿ ಹಚ್ಚುವುದು, ಅರಬಿ ಕ್ಯಾಲಿಗ್ರಫಿ ಬರೆದು ಚೌಕಟ್ಟು ಹಾಕಿಸಿ ಮಾರುವುದು, ಕ್ರೋಶಾ ಹೆಣಿಗೆ, ದುಪಟ್ಟಾಕ್ಕೆ ಜರಿ ಕಸೂತಿ, ರೆಸಿನ್‌ನಲ್ಲಿ ನಿಕಾಹ್‌ನ ನೆನಪಿನ ಫಲಕ. ನಮ್ಮ ಅನೇಕ ಮನೆಗಳಲ್ಲಿ ಇಂದು ಇಂತಹ ಒಂದು ಪುಟ್ಟ ವ್ಯಾಪಾರ ನಡೆಯುತ್ತಿದೆ. ಮಕ್ಕಳ ಶಾಲೆಯ ಫೀಸು, ಮನೆಯ ಬಾಡಿಗೆ ಎಷ್ಟೋ ಕಡೆ ಇದರಿಂದಲೇ ಸಾಗುತ್ತದೆ. ತನ್ನ ಕೈಯಾರೆ ದುಡಿದು ಉಣ್ಣುವುದಕ್ಕಿಂತ ಉತ್ತಮವಾದ ಆಹಾರವಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪ್ರವಾದಿ ದಾವೂದ್(ಅ)ರು ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರು. ಆದ್ದರಿಂದ ಇದು ಸಣ್ಣ ಕೆಲಸವಲ್ಲ.

ಆದರೆ ಬೀದಿಯ ಅಂಗಡಿಗಿರುವ ಒಂದು ಅನುಕೂಲ ಇದಕ್ಕಿಲ್ಲ. ಆ ಅಂಗಡಿಗೆ ರಾತ್ರಿ ಬಾಗಿಲು ಹಾಕಬಹುದು. ಮೊಬೈಲ್ ಫೋನ್ ಎಂಬ ಅಂಗಡಿಗೆ ಬಾಗಿಲೇ ಇಲ್ಲ. ಹನ್ನೊಂದು ಗಂಟೆಗೆ "ರೇಟ್ ಎಷ್ಟು?" ಎಂಬ ಸಂದೇಶ, ಫಜ್ರ್‌ಗೆ ಮೊದಲೇ "ರೆಡಿ ಆಯ್ತಾ?" ಎಂಬ ಪ್ರಶ್ನೆ. ನಿದ್ದೆ ಬರುವುದಿಲ್ಲ, ಕುತ್ತಿಗೆ ನೋವು, ಹೊಟ್ಟೆಯುರಿ, ಉರಿಮೂತ್ರ, ಸುಮ್ಮಸುಮ್ಮನೆ ಸಿಟ್ಟು ಎಂದು ಬರುವ ಸಹೋದರಿಯರು ಒಂದೊಂದಕ್ಕೂ ಒಂದೊಂದು ಔಷಧಿ ಕೇಳುತ್ತಾರೆ. ವಿಚಾರಿಸಿದರೆ ಹಲವು ಬಾರಿ ಎಲ್ಲದರ ಹಿಂದೆ ಇರುವುದು ಒಂದೇ ಕಾರಣ: ಮುಗಿಯುವ ಹೊತ್ತೇ ಇಲ್ಲದ ದಿನ.

ಆರೋಗ್ಯದ ಆರು ಆಧಾರಗಳು

ಯುನಾನಿ ವೈದ್ಯಪದ್ಧತಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ', ಅಂದರೆ ಆರು ಅನಿವಾರ್ಯ ಕಾರಣಗಳು ಎಂಬ ಪಾಠವಿದೆ. ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ಇವನ್ನು ವಿವರವಾಗಿ ಚರ್ಚಿಸಿದ್ದಾರೆ. ಆ ಆರು ಇವು: ಗಾಳಿ, ಅನ್ನ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಮತ್ತು ಹೊರಹೋಗಬೇಕಾದುದು. ಇವು ಹದ ತಪ್ಪಿದರೆ ಮಿಝಾಜ್ ಕೆಡುತ್ತದೆ, ರೋಗ ಬರುತ್ತದೆ. ಔಷಧಿ ಇವುಗಳ ನಂತರದ ಮಾತು.

ಈ ಆರನ್ನು ದಿನದೊಳಗೆ ಹೊಂದಿಸಲು ಬೇರೆ ವೇಳಾಪಟ್ಟಿ ಬೇಕಿಲ್ಲ. ಐದು ಹೊತ್ತಿನ ನಮಾಝ್ ನಮ್ಮ ದಿನವನ್ನು ಆಗಲೇ ವಿಂಗಡಿಸಿ ಕೊಟ್ಟಿದೆ. ನೀವು ಮಾಡಬೇಕಾದುದು ಒಂದೇ: ನಮಾಝ್‌ಗಳ ಸುತ್ತ ಆರ್ಡರುಗಳನ್ನು ಕೂರಿಸಿ, ಆರ್ಡರುಗಳ ಸುತ್ತ ನಮಾಝನ್ನಲ್ಲ.

ಫಜ್ರ್‌ನಿಂದ ಝುಹ್ರ್‌ವರೆಗೆ

ಫಜ್ರ್ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಫೋನ್ ತೆರೆಯಬೇಡಿ. ಒಂದು ಲೋಟ ಉಗುರುಬೆಚ್ಚಗಿನ ನೀರು, ಸ್ವಲ್ಪ ಕುರ್‌ಆನ್ ಪಾರಾಯಣ, ಕಿಟಕಿ ತೆರೆದು ಹೊಸ ಗಾಳಿ. ದಿನದ ಮೊದಲ ಮಾತು ಗ್ರಾಹಕರದ್ದಾದರೆ ಮನಸ್ಸು ಅಲ್ಲಿಂದಲೇ ಓಡತೊಡಗುತ್ತದೆ.

ಮಕ್ಕಳು ಶಾಲೆಗೆ ಹೊರಟ ಮೇಲಿನ ಹೊತ್ತು ಸೂಕ್ಷ್ಮ ಕೆಲಸಕ್ಕೆ ಯೋಗ್ಯ. ಬೆಳಕೂ ಇರುತ್ತದೆ, ಕಣ್ಣೂ ದಣಿದಿರುವುದಿಲ್ಲ. ಆದರೆ ತಿಂಡಿ ಬಿಟ್ಟು ಬರೀ ಚಹಾದಲ್ಲಿ ಕೂರಬೇಡಿ. ಬಾರ್ಲಿ ಹಿಟ್ಟನ್ನು ನೀರಿನಲ್ಲಿ ಬೇಯಿಸಿ ಹಾಲು ಬೆರೆಸಿದ 'ತಲ್ಬೀನಾ' ಹೊಟ್ಟೆಗೆ ಹಗುರ. ಅದು ನೊಂದ ಮನಸ್ಸಿಗೆ ಸಮಾಧಾನ ತರುತ್ತದೆಂದು ಹಝ್ರತ್ ಆಯಿಶಾ(ರ)ರ ಮೂಲಕ ಬಂದ ಹದೀಸ್‌ನಲ್ಲಿದೆ. ಮಧುಮೇಹಿಗಳು ಅದಕ್ಕೆ ಜೇನು ಸೇರಿಸದಿರಲಿ. ಚಹಾ ದಿನಕ್ಕೆ ಎರಡು ಕಪ್ ಸಾಕು. ಅಸರ್ ನಂತರ ಬೇಡ.

ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸದಿಂದ ಕಣ್ಣೆತ್ತಿ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ. ಗಂಟೆಗೊಮ್ಮೆ ಎದ್ದು ಭುಜ, ಮಣಿಕಟ್ಟು ತಿರುಗಿಸಿ. ನೆಲದ ಮೇಲೆ ಬಾಗಿ ಕೂರುವ ಬದಲು ಕೆಲಸವನ್ನು ಎದೆಯ ಮಟ್ಟಕ್ಕೆ ಏರಿಸುವ ಒಂದು ಪುಟ್ಟ ಮೇಜು ಇಟ್ಟುಕೊಂಡರೆ ಕುತ್ತಿಗೆ ಉಳಿಯುತ್ತದೆ.

ಗಾಳಿ ಮತ್ತು ಕೈಗಳ ಶುಚಿತ್ವ

ರೆಸಿನ್, ವಾರ್ನಿಷ್, ಸ್ಪ್ರೇ ಬಣ್ಣಗಳನ್ನು ಅಡುಗೆಮನೆಯಲ್ಲಿ ಅಥವಾ ಮಗು ಮಲಗುವ ಕೋಣೆಯಲ್ಲಿ ಬಳಸಲೇಬೇಡಿ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಬೀದರ್‌ನ ಬಿದ್ರಿ ಕೆಲಸದಲ್ಲಿ ಸತು ಮತ್ತು ತಾಮ್ರ ಕರಗಿಸುವವರು ತೆರೆದ ಜಾಗ ಆರಿಸಿಕೊಳ್ಳಲಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಚನ್ನಪಟ್ಟಣದ ಗೊಂಬೆ ಕಡೆಯುವವರಿಗೆ ಮರದ ಧೂಳಿನಿಂದ ಕಾಪಾಡಲು ಮೂಗು, ಬಾಯಿಗೆ ಮಾಸ್ಕ್ ಬೇಕು.

ಬ್ರಶ್ಶಿನ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಬಿಡಿ. ಮೆಹಂದಿಯ ಬಣ್ಣ ವುಝೂಗೆ ಅಡ್ಡಿಯಲ್ಲ; ಆದರೆ ಪೇಂಟ್, ರೆಸಿನ್, ಅಂಟು ಚರ್ಮದ ಮೇಲೆ ಪದರವಾಗಿ ನಿಂತು ನೀರು ತಾಗದಂತೆ ತಡೆಯುತ್ತವೆ. ಅದನ್ನು ತೆಗೆಯಲೆಂದು ದಿನಕ್ಕೆ ಐದು ಬಾರಿ ಥಿನ್ನರ್ ಉಜ್ಜಿಕೊಂಡು ಕೈ ಬಿರುಕು ಬಿಟ್ಟವರಿದ್ದಾರೆ. ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ಆದರೂ ಪೇಂಟ್ ತಾಗಿದರೆ ಕೊಬ್ಬರಿ ಎಣ್ಣೆ ತಿಕ್ಕಿ, ಸೋಪಿನಿಂದ ತೊಳೆಯಿರಿ.

ಬೇಗ ಕಪ್ಪಾಗುವ 'ಕಪ್ಪು ಮೆಹಂದಿ' ಕೋನ್‌ಗಳಿಂದ ದೂರವಿರಿ. ಅವುಗಳಲ್ಲಿ ಕೂದಲಿನ ಡೈಗೆ ಬಳಸುವ ಪಿ.ಪಿ.ಡಿ. ಎಂಬ ರಾಸಾಯನಿಕ ಇರಬಹುದು. ಅದು ಚರ್ಮದಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಒಮ್ಮೆ ಅಲರ್ಜಿ ಹತ್ತಿದರೆ ಜೀವಮಾನವಿಡೀ ಕಾಡಬಹುದು. ನಿಜವಾದ ಮೆಹಂದಿ ಒಂದೆರಡು ದಿನದಲ್ಲಿ ತಾನಾಗಿಯೇ ಗಾಢವಾಗುತ್ತದೆ. ವಧುವಿಗೆ ಇದನ್ನು ಮೊದಲೇ ತಿಳಿಸಿ.

ನೀರು ಕುಡಿಯದಿರುವ ತಪ್ಪು

ಮದುವೆ ಮನೆಯಲ್ಲಿ ಐದಾರು ಗಂಟೆ ಕುಳಿತು ಮೆಹಂದಿ ಹಚ್ಚುವವರು ಎದ್ದು ಹೋಗಲು ಸಂಕೋಚಪಟ್ಟು ನೀರೇ ಕುಡಿಯುವುದಿಲ್ಲ, ಮೂತ್ರ ತಡೆಹಿಡಿಯುತ್ತಾರೆ. ಹೊರಹೋಗಬೇಕಾದುದನ್ನು ತಡೆಯುವುದೇ ರೋಗಕ್ಕೆ ದಾರಿ ಎಂದು ಯುನಾನಿ ಹೇಳುತ್ತದೆ. ಮೂತ್ರದ ಸೋಂಕು ಇಲ್ಲಿಂದಲೇ ಶುರುವಾಗಬಹುದು. ಒಂದು ಕೈ ಮುಗಿದು ಇನ್ನೊಂದು ಕೈ ಹಿಡಿಯುವ ಮುನ್ನ ಹತ್ತು ನಿಮಿಷದ ಬಿಡುವು ನಿಮ್ಮ ಷರತ್ತಾಗಿರಲಿ. ಆ ಬಿಡುವಿನಲ್ಲಿ ನೀರು, ಶೌಚ, ಹೊತ್ತಾಗಿದ್ದರೆ ನಮಾಝ್.

ಝುಹ್ರ್‌ನಿಂದ ಮಗ್ರಿಬ್‌ವರೆಗೆ

ಊಟ ಹಿತಮಿತವಾಗಿರಲಿ. ಹೊಟ್ಟೆಯ ಮೂರರಲ್ಲೊಂದು ಭಾಗ ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆ ಕುಳಿತು ದುಡಿಯುವವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಂತರ ಇಪ್ಪತ್ತು ನಿಮಿಷ 'ಕೈಲೂಲಾ' ಮಾಡಿ. ಅದು ಸುನ್ನತ್ತೂ ಹೌದು, ಔಷಧಿಯೂ ಹೌದು. ಗಂಟೆಗಟ್ಟಲೆ ಮಲಗಿದರೆ ಮಾತ್ರ ರಾತ್ರಿಯ ನಿದ್ದೆ ಕೆಡುತ್ತದೆ.

ಅಸರ್ ನಂತರ ಅರ್ಧ ಗಂಟೆ ನಡೆಯಿರಿ. ಹೊಟ್ಟೆ ತುಂಬಿರದ, ಹಸಿವೂ ಕಾಡದ ಆ ಹೊತ್ತು ವ್ಯಾಯಾಮಕ್ಕೆ ಒಳ್ಳೆಯದು. ಹೊರಗೆ ಹೋಗಲು ಅನುಕೂಲವಿಲ್ಲದವರಿಗೆ ಮನೆಯ ಮಹಡಿಯೂ ಆದೀತು.

ಮನಸ್ಸಿನ ಭಾರ ಇಳಿಸಲು

ಗ್ರಾಹಕರಿಗೆ ಉತ್ತರಿಸಲು ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿ: ಝುಹ್ರ್‌ಗೆ ಮೊದಲು ಅರ್ಧ ಗಂಟೆ, ಮಗ್ರಿಬ್‌ಗೆ ಮೊದಲು ಅರ್ಧ ಗಂಟೆ. ಈ ಸಮಯವನ್ನು ನಿಮ್ಮ ಪ್ರೊಫೈಲ್‌ನಲ್ಲೇ ಬರೆದಿಡಿ. ವಾರಕ್ಕೊಂದು ದಿನ ಆರ್ಡರ್ ತೆಗೆದುಕೊಳ್ಳಬೇಡಿ. ಈದ್‌ನ ಮುನ್ನಾ ರಾತ್ರಿಗೆ ಎಷ್ಟು ಕೈಗಳಿಗೆ ಹಚ್ಚಬಲ್ಲಿರೆಂದು ರಮಝಾನ್‌ನಲ್ಲೇ ಲೆಕ್ಕ ಹಾಕಿ, ಉಳಿದವರಿಗೆ ನಯವಾಗಿ ಇಲ್ಲವೆನ್ನಿ.

ಬಾರದ ಹಣದ ಚಿಂತೆ ನಿದ್ದೆಗೆ ದೊಡ್ಡ ಶತ್ರು. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರಾ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಒಂದು ನೋಟ್‌ಬುಕ್ಕಿನಲ್ಲಿ ಮುಂಗಡ, ಬಾಕಿ, ಕೊಡಬೇಕಾದ ದಿನಾಂಕ ಬರೆಯಿರಿ. ಕಾಗದಕ್ಕಿಳಿದ ಲೆಕ್ಕವನ್ನು ತಲೆ ರಾತ್ರಿಯಿಡೀ ಹೊರಬೇಕಾಗಿಲ್ಲ.

ಇಶಾ ನಂತರ

ಇಶಾಗೆ ಮೊದಲು ಮಲಗುವುದನ್ನೂ ಇಶಾ ನಂತರ ಹರಟುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಫೋನಿನಲ್ಲಿ ಇತರರ ಕಲೆ ನೋಡಿ ಕೊರಗುತ್ತಾ ಕೂರುವುದೂ ಒಂದು ಬಗೆಯ ಹರಟೆಯೇ. ಇಶಾ ಮುಗಿದೊಡನೆ ಅಂಗಡಿ ಮುಚ್ಚಿ: ಸಾಮಾನು ಪೆಟ್ಟಿಗೆಗೆ, ಫೋನ್ ಬೇರೆ ಕೋಣೆಗೆ. ಅಂಗಾಲಿಗೆ, ನೆತ್ತಿಗೆ ಕೆಲವು ಹನಿ ಎಳ್ಳೆಣ್ಣೆ ತಿಕ್ಕಿಕೊಳ್ಳಿ. ಅತಿಯಾದ ಎಚ್ಚರದಿಂದ ಮೆದುಳಿನಲ್ಲಿ ಶುಷ್ಕತೆ ಹೆಚ್ಚುತ್ತದೆಂಬುದು ಯುನಾನಿ ಹಕೀಮರ ಅಭಿಪ್ರಾಯ. ಎಣ್ಣೆಯ ಮಾಲಿಶ್ ಅದಕ್ಕೆ ಅವರು ಹೇಳಿದ ಸರಳ ಉಪಾಯ.

ಯಾವಾಗ ವೈದ್ಯರನ್ನು ಕಾಣಬೇಕು?

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಉರಿಮೂತ್ರದ ಜೊತೆ ಜ್ವರವಿದ್ದರೆ ತಡಮಾಡಬೇಡಿ. ಎರಡು ವಾರ ಕಳೆದರೂ ನಿದ್ದೆ, ಹಸಿವು, ಕೆಲಸದ ಆಸಕ್ತಿ ಮರಳದಿದ್ದರೆ ಅದನ್ನು ಈಮಾನಿನ ಕೊರತೆಯೆಂದು ಹಳಿಯಬೇಡಿ. ಅದೂ ಕಾಯಿಲೆಯೇ, ಚಿಕಿತ್ಸೆ ಇದೆ. ಬದುಕು ಸಾಕೆನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡುತ್ತಾರೆ.

ಕೊನೆಯದಾಗಿ ಮನೆಯ ಉಳಿದವರಿಗೆ ಒಂದು ಮಾತು. ಆಕೆಯ ದುಡಿಮೆಯ ಹಣ ಮನೆಗೆ ಬೇಕು, ಆದರೆ ಅದನ್ನು 'ಟೈಂಪಾಸ್' ಎನ್ನುತ್ತೇವೆ. ಹಗಲು ಅಡುಗೆ, ನೆಂಟರು, ಮಕ್ಕಳು ಮುಗಿದ ಮೇಲೆ ಕೆಲಸಕ್ಕೆ ಉಳಿಯುವುದು ರಾತ್ರಿ ಮಾತ್ರ. ಹಗಲಿನಲ್ಲಿ ಮೂರು ಗಂಟೆ ಆಕೆಗೆ ಬಿಟ್ಟುಕೊಟ್ಟು, ಆ ಹೊತ್ತು ಮನೆಗೆಲಸವನ್ನು ನೀವು ಹಂಚಿಕೊಂಡರೆ ಆಕೆಯ ರಾತ್ರಿ ಆಕೆಗೆ ಮರಳಿ ಸಿಗುತ್ತದೆ. ರಾತ್ರಿಯನ್ನು ಹೊದಿಕೆಯಾಗಿಯೂ ಹಗಲನ್ನು ಜೀವನೋಪಾಯಕ್ಕೂ ಮಾಡಿದವನು ಅಲ್ಲಾಹನು. ಆ ಏರ್ಪಾಡಿಗೆ ಹೊಂದಿ ನಡೆದರೆ ಆರೋಗ್ಯದಲ್ಲೂ ದುಡಿಮೆಯಲ್ಲೂ ಬರಕತ್ ಇರುತ್ತದೆ, ಇನ್‌ಶಾ ಅಲ್ಲಾಹ್.